ಸಿ ಸಬ್‌ಟೈಪ್‌ಗೆ ನಮ್ಮದೇ ಪ್ರೈಮರ್: ನನ್ನ ಅನುಭವ

ಕಂಪನಿ ಕಿಟ್ ಇಲ್ಲದೆ ಎಚ್‌ಐವಿ ಜೀನೋಟೈಪಿಂಗ್ (ವೈರಸ್‌ನ ಜೀನ್ ಓದಿ ಯಾವ ಔಷಧ ನಾಟೋದಿಲ್ಲ ಅಂತ ನೋಡುವ ಪರೀಕ್ಷೆ) ಆಗೋ ಮಾತೇ ಅಲ್ಲ ಎಂದವರೇ ಈಗ ನಮ್ಮ ಲ್ಯಾಬ್‌ಗೆ ಪ್ಲಾಸ್ಮಾ ಕಳಿಸುತ್ತಿದ್ದಾರೆ. ಹಾಗಾಗಿ ಧೈರ್ಯವಾಗಿ ಬರೆಯುತ್ತಿದ್ದೇನೆ.

ನಮ್ಮ ಕಡೆ ಸಿಗೋದು ಬಹುಪಾಲು ಎಚ್‌ಐವಿಯ ಸಿ ಸಬ್‌ಟೈಪ್, ಅಂದರೆ ಸಿ ಉಪಪ್ರಕಾರ. ಅಮೆರಿಕ, ಯುರೋಪಿನಲ್ಲಿ ಜಾಸ್ತಿ ಇರೋದು ಬಿ. ನಾವು ತರಿಸಿದ ಕಿಟ್‌ನ ಪ್ರೈಮರ್, ಅಂದರೆ ವೈರಸ್‌ನ ಜೀನ್‌ಗೆ ಅಂಟಿ ಅದರ ನಕಲು ಶುರು ಮಾಡುವ ಡಿಎನ್‌ಎ ತುಣುಕು, ನಮ್ಮ ಎಷ್ಟೋ ಸ್ಯಾಂಪಲ್‌ಗೆ ಕೂರುತ್ತಲೇ ಇರಲಿಲ್ಲ. ಒಂದಕ್ಕೆ ಸುಮಾರು ಹನ್ನೆರಡು ಸಾವಿರ ಬೀಳುತ್ತಿತ್ತು. ಜೆಲ್‌ನಲ್ಲಿ ಬ್ಯಾಂಡ್ (ನಕಲು ಆಗಿದೆ ಅಂತ ತೋರಿಸುವ ಗೆರೆ) ಬರಲಿ ಬಿಡಲಿ, ದುಡ್ಡು ಮಾತ್ರ ಹೋಯಿತು.

ಜೀನ್‌ಬ್ಯಾಂಕ್ ಎಂಬ ಸಾರ್ವಜನಿಕ ಸಂಗ್ರಹದಿಂದ ಭಾರತದ ಸಿ ಸೀಕ್ವೆನ್ಸ್‌ಗಳನ್ನು (ಜೀನ್‌ನ ಅಕ್ಷರಸಾಲು) ಇಳಿಸಿ ಅಲೈನ್ ಮಾಡಿದೆವು, ಅಂದರೆ ಒಂದರ ಕೆಳಗೊಂದು ಇಟ್ಟು ಹೋಲಿಸಿದೆವು. ವೈರಸ್ ಬದಲಾಗದ ಜಾಗಕ್ಕೆ ಪ್ರೈಮರ್‌ನ 3' ತುದಿ (ನಕಲು ಬೆಳೆಯೋ ತುದಿ) ಬರಬೇಕು, ಅಷ್ಟೇ ಹಟ. ಡಿಜೆನರೇಟ್ ಬೇಸ್ (ಒಂದೇ ಜಾಗಕ್ಕೆ ಒಂದಕ್ಕಿಂತ ಹೆಚ್ಚು ಅಕ್ಷರ) ಹೆಚ್ಚು ಹಾಕಿದಾಗ ಬರೀ ಡೈಮರ್, ಪ್ರೈಮರ್‌ಗಳೇ ಒಂದಕ್ಕೊಂದು ಅಂಟಿಕೊಂಡವು. ಕಡಿಮೆ ಮಾಡಿದರೆ ನೆಸ್ಟೆಡ್‌ನಲ್ಲಿ (ಹೊರಗಿನ ಜೋಡಿ ಪ್ರೈಮರ್ ಆದ ಮೇಲೆ ಒಳಗಿನ ಜೋಡಿಯಿಂದ ಮಾಡುವ ಎರಡನೇ ಸುತ್ತು) ಬ್ಯಾಂಡ್ ಬದಲು ಸ್ಮಿಯರ್, ಹರಡಿದ ಕಲೆ. ತಿಂಗಳುಗಟ್ಟಲೆ ಎನ್‌ಜೈಮ್ ಸುರಿದೆವು. ಕೊನೆಗೆ ಒಳಗಿನ ಜೋಡಿಯಲ್ಲಿ ಒಂದೇ ಅಕ್ಷರ ಬದಲಿಸಿದ ಮೇಲೆ ಬ್ಯಾಂಡ್ ಗಟ್ಟಿಯಾಯಿತು. ಯಾವ ಅಕ್ಷರ ಅನ್ನೋದು ನಮ್ಮಲ್ಲೇ ಇರಲಿ. ಈಗ ಖರ್ಚು ಮೂರು ಸಾವಿರದ ಆಸುಪಾಸು. ವೈರಲ್ ಲೋಡ್ (ಒಂದು ಮಿಲಿ ಪ್ಲಾಸ್ಮಾದಲ್ಲಿನ ವೈರಸ್ ಪ್ರತಿಗಳು) 1000 ದಾಟಿದ್ದರೆ ಹತ್ತರಲ್ಲಿ ಒಂಬತ್ತು ಬರುತ್ತವೆ.

ಅಕ್ಷರ ಓದುವ ಸಾಫ್ಟ್‌ವೇರನ್ನೇ ನಂಬಿ ಕೂರಬೇಡಿ. ಒಬ್ಬರ ರಿಪೋರ್ಟ್‌ನಲ್ಲಿ 184ನೇ ಕೋಡಾನ್ (ಮೂರು ಅಕ್ಷರದ ಗುಂಪು) ಎಟಿಜಿ, ಅಂದರೆ ಬದಲಾವಣೆ ಇಲ್ಲ ಅಂತಲೇ ಬಂದಿತ್ತು. ಕ್ರೊಮ್ಯಾಟೊಗ್ರಾಮ್ (ಒಂದೊಂದು ಅಕ್ಷರಕ್ಕೆ ಒಂದೊಂದು ಬಣ್ಣದ ಗ್ರಾಫ್) ದೊಡ್ಡದು ಮಾಡಿ ನೋಡಿದರೆ ಹಸಿರು ಎ ಕೆಳಗೆ ಕಪ್ಪು ಜಿ ಪೀಕ್, ಎರಡೂ ದಿಕ್ಕಿನ ರೀಡ್‌ನಲ್ಲೂ. ಎಂ184ವಿ ಎಂಬ ಮ್ಯುಟೇಶನ್ (ಜೀನ್ ಬದಲಾವಣೆ) ಅದು, ಲ್ಯಾಮಿವುಡಿನ್ ಔಷಧಕ್ಕೆ ಪೆಟ್ಟು. ವಿ106ಎಂ ಮ್ಯುಟೇಶನ್ ಕೂಡ ಬಿಡಬೇಡಿ. ಬಿ ಸಬ್‌ಟೈಪ್‌ನಲ್ಲಿ ಅದಕ್ಕೆ ಸಾಮಾನ್ಯವಾಗಿ ಎರಡು ಅಕ್ಷರ ಬದಲಾಗಬೇಕು, ಸಿಯಲ್ಲಿ ಒಂದೇ ಸಾಕು. ಎಫಾವಿರೆಂಜ್ ಔಷಧ ತಗೊಂಡವರಲ್ಲಿ ಅದನ್ನು ಹುಡುಕಲೇಬೇಕು.

ನಡುವೆ ಒಣರಕ್ತದ ಕಾರ್ಡ್‌ನಲ್ಲೂ ನೋಡಿದೆವು, ಐಸ್ ಪ್ಯಾಕ್ ಖರ್ಚು ಉಳಿಯಲಿ ಅಂತ. ಮಳೆಗಾಲದಲ್ಲಿ ಸಿಲಿಕಾ ಜೆಲ್ ಜಾಸ್ತಿ ಹಾಕದಿದ್ದರೆ ಆರ್‌ಎನ್‌ಎ ಕೈಗೆ ಸಿಗೋದಿಲ್ಲ. ಕಾರ್ಡ್‌ನಲ್ಲಿ ರಕ್ತಕಣದೊಳಗಿನ ಹಳೆಯ ಪ್ರೊವೈರಲ್ ಡಿಎನ್‌ಎಯೂ (ಕಣದ ಡಿಎನ್‌ಎಯಲ್ಲಿ ಸೇರಿಹೋದ ವೈರಸ್ ಪ್ರತಿ) ಸೇರಿಕೊಳ್ಳುತ್ತೆ ಅಲ್ವಾ, ಅದರ ಮ್ಯುಟೇಶನ್‌ಗಳೂ ಕಾಣಿಸುತ್ತವೆ. ಲೋಡ್ ಕಡಿಮೆ ಇದ್ದರೆ ನಾನು ಪ್ಲಾಸ್ಮಾವನ್ನೇ ಕೇಳುತ್ತೇನೆ.

ರಕ್ತ ತೆಗೆಯುವಾಗ ರೋಗಿ ಮಾತ್ರೆ ನುಂಗುತ್ತಿರಬೇಕು. ಮಾತ್ರೆ ಬಿಟ್ಟು ವಾರಗಳಾದರೆ ಮ್ಯುಟೇಶನ್ ಇಲ್ಲದ ವೈರಸ್ಸೇ ಮೇಲೆದ್ದು ಬರುತ್ತೆ. ರೆಸಿಸ್ಟೆನ್ಸ್ (ಔಷಧಕ್ಕೆ ಬಗ್ಗದ ಗುಣ) ಒಳಗೇ ಇದ್ದರೂ ರಿಪೋರ್ಟ್ ಕ್ಲೀನ್ ಆಗಿ ಕಾಣುತ್ತೆ. ಈಗ ಡೊಲುಟೆಗ್ರಾವಿರ್ ಔಷಧ ಬಂದಿರೋದರಿಂದ, ಅದು ತಡೆಯುವ ಇಂಟಿಗ್ರೇಸ್ ಎಂಬ ವೈರಸ್ ಎನ್‌ಜೈಮ್‌ನ ಜೀನ್‌ಗೂ ಬೇರೆ ಪ್ರೈಮರ್ ಮಾಡುತ್ತಿದ್ದೇವೆ. ಹೊರಗಿನ ಜೋಡಿ ಸರಿಹೋಗಿದೆ, ಒಳಗಿನದು ಬಾಕಿ.