ಮಾಗಿಯ ಚಳಿಯಲ್ಲಿ ಫ್ಲ್ಯಾಟಿನೊಳಗಿನ ಗಾಳಿ

ಕಾರ್ತಿಕ ಕಳೆದು ಮಾರ್ಗಶಿರ ಹಿಡಿಯುತ್ತಿದ್ದಂತೆ ಚಿಕ್ಕಮಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಕಿಟಕಿಗಳು ಒಂದೊಂದಾಗಿ ಮುಚ್ಚಿಕೊಳ್ಳುತ್ತವೆ. ಊರು ಸಮುದ್ರಮಟ್ಟದಿಂದ ಸಾವಿರ ಮೀಟರಿಗಿಂತ ಎತ್ತರದಲ್ಲಿದೆ. ಬೆಳಗಿನ ಮಂಜು ಕರಗುವ ಹೊತ್ತಿಗೆ ಶಾಲೆಯ ಮಕ್ಕಳೆಲ್ಲ ಹೊರಟು ಹೋಗಿರುತ್ತಾರೆ. ಮನೆಯಲ್ಲಿ ಎಳೆಗೂಸೋ ಉಬ್ಬಸದ ಹಿರಿಯರೋ ಇದ್ದರಂತೂ ಚಳಿಗಾಳಿ ಸೋಕದಿರಲಿ ಎಂದು ಕಿಟಕಿ ಮುಚ್ಚುವುದರಲ್ಲಿ ತಪ್ಪೇನೂ ಇಲ್ಲ. ಆದರೆ ಹಾಗೆ ಮುಚ್ಚಿದ್ದನ್ನು ಶಿವರಾತ್ರಿಯವರೆಗೂ ತೆರೆಯದೆ ಬಿಟ್ಟರೆ, ಯಾರನ್ನು ಕಾಪಾಡಲು ಮುಚ್ಚಿದೆವೋ ಅವರ ಎದೆಗೇ ಅದು ಮೊದಲು ತಟ್ಟುತ್ತದೆ.

ಹೆಂಚಿನ ಮನೆಯಲ್ಲಿ ಬೆಳೆದ ನನ್ನ ವಯಸ್ಸಿನವರಿಗೆ ಇದೊಂದು ಚಿಂತೆಯೇ ಆಗಿರಲಿಲ್ಲ. ಮಂಗಳೂರು ಹೆಂಚಿನ ಸಂದುಗಳಲ್ಲಿ ಗಾಳಿ ತಾನಾಗಿ ಹೋಗಿ ಬರುತ್ತಿತ್ತು. ತೊಟ್ಟಿಮನೆಯಾದರೆ ನಡುಮನೆಯಲ್ಲೇ ಆಕಾಶ ಕಾಣುತ್ತಿತ್ತು. ಹಂಡೆಯ ಒಲೆ ಉರಿಯುವ ಬಚ್ಚಲುಮನೆ ಮಲಗುವ ಕೋಣೆಗಳಿಂದ ದೂರದಲ್ಲಿ, ಹಿತ್ತಲಿನ ಕಡೆಗೆ ಇರುತ್ತಿತ್ತು. ಈಗಿನ ಫ್ಲ್ಯಾಟಿಗೆ ಕಾಂಕ್ರೀಟಿನ ಸೂರು, ರಬ್ಬರಿನ ಪಟ್ಟಿ ಕೂರಿಸಿದ ಜಾರುಕಿಟಕಿ. ಅಡುಗೆಮನೆ, ಬಚ್ಚಲು, ಮಲಗುವ ಕೋಣೆಗಳೆಲ್ಲ ಒಂದಕ್ಕೊಂದು ಒತ್ತಿಕೊಂಡಿರುತ್ತವೆ. ಹೆಂಚಿನ ಸೂರು ಮಾಡುತ್ತಿದ್ದ ಕೆಲಸವನ್ನು ಇಲ್ಲಿ ಮನೆಯವರೇ ಕೈಯಾರೆ, ದಿನವೂ, ಹೊತ್ತು ನೋಡಿ ಮಾಡಬೇಕಾಗುತ್ತದೆ.

ಹೊತ್ತು ನೋಡಿ ಎಂದದ್ದಕ್ಕೆ ಕಾರಣವಿದೆ. ಚಳಿಗಾಲದ ರಾತ್ರಿ ನೆಲ ಬೇಗ ತಣಿಯುವುದರಿಂದ ನೆಲದ ಮಗ್ಗುಲಿನ ಗಾಳಿ ತಣ್ಣಗಾಗಿ ಕೆಳಗೇ ಉಳಿಯುತ್ತದೆ, ಅದಕ್ಕಿಂತ ಬೆಚ್ಚನೆಯ ಗಾಳಿ ಮೇಲಿರುತ್ತದೆ. ಆದ್ದರಿಂದ ಸಂಜೆ ಬೀದಿಯಲ್ಲಿ ಸುಟ್ಟ ತರಗೆಲೆ ಮತ್ತು ಕಸದ ಹೊಗೆ ಮೇಲೇರಲಾರದೆ ಮನೆಗಳ ಎತ್ತರದಲ್ಲೇ ಸುಳಿದಾಡುತ್ತದೆ. ಸಂಜೆ ಆರರಿಂದ ಬೆಳಗಿನ ಎಂಟರವರೆಗೆ ಬೀದಿಯ ಕಡೆಯ ಕಿಟಕಿಗಳನ್ನು ಅಗಲವಾಗಿ ತೆರೆಯದಿರುವುದು ಒಳ್ಳೆಯದು. ಬಿಸಿಲು ಬಲಿತು ನೆಲ ಕಾದ ಮೇಲೆ, ಅಂದರೆ ಹೆಚ್ಚುಕಡಿಮೆ ಹತ್ತು ಗಂಟೆಯಿಂದ ಮಧ್ಯಾಹ್ನ ನಾಲ್ಕರವರೆಗೆ, ಹೊರಗಿನ ಗಾಳಿ ಅತ್ಯಂತ ಶುಚಿಯಾಗಿಯೂ ಒಣಗಿಯೂ ಇರುತ್ತದೆ. ಆಗ ಎದುರುಬದುರಾದ ಎರಡು ಕಿಟಕಿಗಳನ್ನು, ಅವುಗಳ ನಡುವಿನ ಒಳಬಾಗಿಲುಗಳನ್ನೂ ಸೇರಿಸಿ, ಪೂರ್ತಿ ತೆರೆದು ಹತ್ತು ಹದಿನೈದು ನಿಮಿಷ ಬಿಟ್ಟರೆ ಒಳಗಿನ ಹಳೆಯ ಗಾಳಿಯೆಲ್ಲ ಹೊರಟು ಹೋಗುತ್ತದೆ. ಮಧ್ಯಾಹ್ನ ಊಟವಾದ ಮೇಲೆ ಇನ್ನೊಮ್ಮೆ ಹೀಗೆಯೇ ಮಾಡಬೇಕು. ಒಂದೇ ಕಿಟಕಿಯನ್ನು ನಾಲ್ಕು ಬೆರಳಗಲ ಸರಿಸಿ ದಿನವಿಡೀ ಬಿಡುವುದರಿಂದ ಆ ಕಿಟಕಿಯ ಸುತ್ತಲಿನ ಗೋಡೆ ತಣ್ಣಗಾಗುತ್ತದೆಯೇ ಹೊರತು ಕೋಣೆಯ ಮೂಲೆಯ ಗಾಳಿ ಕದಲುವುದಿಲ್ಲ. ಮನೆಯ ಬೆಚ್ಚಗೆಲ್ಲ ಹೊರಟುಹೋದೀತೆಂಬ ಅಂಜಿಕೆ ಬೇಡ. ಮನೆಯ ಶಾಖ ಉಳಿದಿರುವುದು ಗೋಡೆ, ನೆಲ, ಹಾಸಿಗೆ, ಮರದ ಸಾಮಾನುಗಳಲ್ಲಿ. ಹತ್ತು ನಿಮಿಷದಲ್ಲಿ ಬದಲಾಗುವುದು ಗಾಳಿ ಮಾತ್ರ, ಅದು ಕಿಟಕಿ ಮುಚ್ಚಿದ ಸ್ವಲ್ಪ ಹೊತ್ತಿಗೆ ಆ ಗೋಡೆಗಳಿಂದಲೇ ಮತ್ತೆ ಬೆಚ್ಚಗಾಗುತ್ತದೆ. ಅಷ್ಟು ಹೊತ್ತು ಮಗುವನ್ನೂ ಹಿರಿಯರನ್ನೂ ಬೇರೆ ಕೋಣೆಯಲ್ಲಿ ಕೂರಿಸಿ ಆ ಕೋಣೆಯ ಬಾಗಿಲು ಮುಂದಿಟ್ಟರೆ ಸಾಕು. ಅವರ ಕೋಣೆಯ ಸರದಿಯನ್ನು ಅವರು ಹಜಾರಕ್ಕೆ ಬಂದಾಗ ಮಾಡಿಕೊಳ್ಳಬಹುದು.

ದಿಕ್ಕಿನ ವಿಚಾರವನ್ನೂ ಗಮನಿಸಬೇಕು. ಮಳೆಗಾಲದಲ್ಲಿ ಪಶ್ಚಿಮದಿಂದ ಬರುವ ಗಾಳಿ ಚಳಿಗಾಲದಲ್ಲಿ ಬಹುಮಟ್ಟಿಗೆ ಪೂರ್ವ ಮತ್ತು ಈಶಾನ್ಯದಿಂದ ಬೀಸುತ್ತದೆ. ಎರಚಲಿಗೆ ಹೆದರಿ ಜೂನ್ ತಿಂಗಳಲ್ಲಿ ಮುಚ್ಚಿದ ಪಶ್ಚಿಮದ ಕಿಟಕಿಗಳನ್ನು ಎಷ್ಟೋ ಮನೆಗಳಲ್ಲಿ ಸಂಕ್ರಾಂತಿಯಾದರೂ ತೆರೆದಿರುವುದಿಲ್ಲ. ಗಾಳಿ ಪೂರ್ವದಿಂದ ಒಳಗೆ ಬರಬೇಕಾದರೆ ಪಶ್ಚಿಮದಲ್ಲಿ ಹೊರಗೆ ಹೋಗಲು ದಾರಿಯಿರಬೇಕು.

ಮಂಜು ಮುಸುಕಿದ ದಿನ ಕಿಟಕಿ ತೆರೆದರೆ ಹೊರಗಿನ ತೇವವೆಲ್ಲ ಮನೆಯೊಳಗೆ ಸೇರುವುದಲ್ಲವೇ ಎಂದು ಅನೇಕರು ಕೇಳುತ್ತಾರೆ. ತಣ್ಣನೆಯ ಗಾಳಿ ನೀರಾವಿಯನ್ನು ಕಡಿಮೆ ಹಿಡಿಯುತ್ತದೆ, ಬೆಚ್ಚನೆಯ ಗಾಳಿ ಹೆಚ್ಚು ಹಿಡಿಯುತ್ತದೆ. 13 ಡಿಗ್ರಿ ಸೆಲ್ಸಿಯಸ್‌ನ ಒಂದು ಘನ ಮೀಟರ್ ಗಾಳಿ ಸುಮಾರು 11 ಗ್ರಾಂ ನೀರಾವಿಗೇ ತುಂಬಿಹೋದರೆ, 20 ಡಿಗ್ರಿಯ ಗಾಳಿಗೆ ಸುಮಾರು 17 ಗ್ರಾಂ ಬೇಕು. ಹೊರಗಿನ ತಣ್ಣನೆಯ ಗಾಳಿ ಒಳಗೆ ಬಂದು ಬೆಚ್ಚಗಾದಾಗ ಅದರಲ್ಲಿ ಇನ್ನಷ್ಟು ತೇವವನ್ನು ಹೀರಿಕೊಳ್ಳುವ ಅವಕಾಶ ಉಳಿದಿರುತ್ತದೆ. ಬೆಳಗ್ಗೆ ಎದ್ದಾಗ ಮಲಗುವ ಕೋಣೆಯ ಕಿಟಕಿಗಾಜಿನ ಒಳಮೈಯಲ್ಲಿ ಹನಿಗಟ್ಟಿದ್ದರೆ ಅದು ರಾತ್ರಿಯಿಡೀ ಮಲಗಿದ್ದವರ ಉಸಿರಿನಿಂದ ಬಂದ ನೀರು. ಒಣಬಟ್ಟೆಯಿಂದ ಅದನ್ನು ಒರೆಸಿ, ಬೀದಿಯಲ್ಲಿ ಹೊಗೆಯಿಲ್ಲವೆಂದು ಖಚಿತಪಡಿಸಿಕೊಂಡು, ಐದು ನಿಮಿಷ ಕಿಟಕಿ ತೆರೆದರೆ ಮಂಜಿದ್ದರೂ ಕೋಣೆಗೆ ಒಳಿತೇ ಆಗುತ್ತದೆ. ರಾತ್ರಿ ಮಲಗುವಾಗ ಕೋಣೆಯ ಒಳಬಾಗಿಲನ್ನು ಒಂದಿಷ್ಟು ತೆರೆದಿಟ್ಟರೆ ಬೆಳಗಿನ ತಲೆಭಾರ ಎಷ್ಟೋ ಕಡಿಮೆಯಾಗುತ್ತದೆ.

ಕಿಟಕಿಯಷ್ಟೇ ಮುಖ್ಯವಾದದ್ದು ಒಳಗೆ ಹುಟ್ಟುವ ತೇವವನ್ನು ಹುಟ್ಟಿದಲ್ಲೇ ಹೊರಗೆ ಕಳಿಸುವುದು. ಅಡುಗೆ ಅನಿಲ ಉರಿದಾಗ ಶಾಖದ ಜೊತೆಗೆ ನೀರಾವಿಯೂ ಹುಟ್ಟುತ್ತದೆ ಎಂಬುದು ಹೆಚ್ಚಿನವರ ಗಮನಕ್ಕೆ ಬಂದಿರುವುದಿಲ್ಲ: 14.2 ಕಿಲೋಗ್ರಾಂನ ಒಂದು ಸಿಲಿಂಡರ್ ಖಾಲಿಯಾಗುವಷ್ಟರಲ್ಲಿ ಸುಮಾರು 22 ಲೀಟರ್ ನೀರು ಆವಿಯಾಗಿ ಅಡುಗೆಮನೆಯ ಗಾಳಿಗೆ ಸೇರುತ್ತದೆ, ಪಾತ್ರೆಯಲ್ಲಿ ಕುದಿಯುವ ನೀರಿನ ಲೆಕ್ಕ ಇದರ ಮೇಲೆ. ನಮ್ಮ ಕಡೆಯ ಚಳಿಗಾಲದ ಅಡುಗೆಯೂ ಹಬೆಯ ಅಡುಗೆಯೇ. ಬೆಳಗ್ಗೆ ಕಡುಬಿನ ಪಾತ್ರೆ ಅರ್ಧ ಗಂಟೆ ಒಲೆಯ ಮೇಲಿರುತ್ತದೆ. ಹಾಸನದ ಕಡೆಯಿಂದ ಸೊಗಡಿನ ಅವರೆಕಾಯಿ ಬರಲು ಶುರುವಾದ ಮೇಲೆ ಹಿತಕಿದ ಬೇಳೆಯ ಸಾರು ಮನೆಮನೆಯಲ್ಲೂ ಕುದಿಯುತ್ತದೆ. ಪಾತ್ರೆಗೆ ಮುಚ್ಚಳ ಹಾಕಿ ಬೇಯಿಸಬೇಕು, ಒಲೆ ಹೊತ್ತಿಸುವ ಮೊದಲೇ ಎಕ್ಸಾಸ್ಟ್ ಫ್ಯಾನ್ ಹಾಕಬೇಕು, ಒಲೆ ಆರಿಸಿದ ಮೇಲೂ ಹತ್ತು ನಿಮಿಷ ಅದು ತಿರುಗುತ್ತಿರಬೇಕು. ಫ್ಯಾನ್ ಗಾಳಿಯನ್ನು ಹೊರಗೆ ತಳ್ಳಬೇಕಾದರೆ ಇನ್ನೊಂದು ಕಡೆಯಿಂದ ಅಷ್ಟೇ ಗಾಳಿ ಒಳಗೆ ಬರಬೇಕಾದ್ದರಿಂದ, ಹಜಾರದ ಒಂದು ಕಿಟಕಿಯನ್ನು ಸ್ವಲ್ಪ ಸರಿಸಿರಬೇಕು. ಎಲ್ಲವನ್ನೂ ಬಿಗಿಯಾಗಿ ಮುಚ್ಚಿ ಫ್ಯಾನ್ ಹಾಕಿದರೆ ಶಬ್ದ ಮಾತ್ರ ಬರುತ್ತದೆ. ಒಲೆಯ ಮೇಲಿನ ಚಿಮಣಿಯ ಕೊಳವೆ ಗೋಡೆಯಾಚೆಗೆ ಹೋಗಿದೆಯೇ ಎಂಬುದನ್ನು ಒಮ್ಮೆ ನೋಡಿಕೊಳ್ಳಿ. ಕೊಳವೆಯಿಲ್ಲದೆ ಇದ್ದಿಲಿನ ಫಿಲ್ಟರಿನಲ್ಲಿ ಹಾಯಿಸಿ ಗಾಳಿಯನ್ನು ಮತ್ತೆ ಒಳಗೇ ಬಿಡುವ ಚಿಮಣಿಗಳು ಜಿಡ್ಡು ಮತ್ತು ವಾಸನೆಯನ್ನು ಕೊಂಚ ತಗ್ಗಿಸುತ್ತವೆ, ಹಬೆಯನ್ನು ತೆಗೆಯುವುದಿಲ್ಲ.

ಸ್ನಾನವಾದ ಮೇಲೆ ಬಚ್ಚಲಿನ ಬಾಗಿಲನ್ನು ಮಲಗುವ ಕೋಣೆಯ ಕಡೆಗೆ ತೆರೆದಿಡುವುದು ತಪ್ಪು. ಬಾಗಿಲು ಮುಚ್ಚಿ, ಬಚ್ಚಲಿನದೇ ಗಾಳಿಕಿಂಡಿ ಅಥವಾ ಫ್ಯಾನಿನ ಮೂಲಕ ಹಬೆ ಹೊರಗೆ ಹೋಗಲು ಬಿಡಬೇಕು. ನೆಲದ ನೀರನ್ನು ವೈಪರ್‌ನಿಂದ ಎಳೆದುಬಿಡಬೇಕು. ಬಟ್ಟೆಯನ್ನು ಬಾಲ್ಕನಿಯಲ್ಲೇ ಒಣಗಿಸಿ. ಯಂತ್ರದಲ್ಲಿ ಹಿಂಡಿ ತೆಗೆದ ಬಟ್ಟೆಯ ರಾಶಿಯಲ್ಲೂ ಒಂದೆರಡು ಲೀಟರ್ ನೀರು ಉಳಿದಿರುತ್ತದೆ, ಹಜಾರದಲ್ಲಿ ಹಗ್ಗ ಕಟ್ಟಿ ಹರವಿದರೆ ಅಷ್ಟೂ ಗೋಡೆಗೆ ಹೋಗುತ್ತದೆ. ಕೆಲವು ನೂರು ರೂಪಾಯಿಗೆ ಸಿಗುವ ತೇವಾಂಶ ಮಾಪಕವೊಂದನ್ನು ತಂದಿಟ್ಟುಕೊಂಡರೆ ಊಹೆಯ ಕೆಲಸ ತಪ್ಪುತ್ತದೆ. ಅದರ ಮುಳ್ಳು ಶೇಕಡಾ 40ರಿಂದ 60ರೊಳಗೆ ಇದ್ದರೆ ಮನೆ ಆರೋಗ್ಯವಾಗಿದೆ. ದಿನಗಟ್ಟಲೆ 70 ದಾಟಿ ನಿಂತರೆ ಬೂಷ್ಟು ಹಿಡಿಯುವ ಕಾಲ ದೂರವಿಲ್ಲ.

ಬೂಷ್ಟಿನ ಬೀಜ ನಮ್ಮಲ್ಲಿ ಮಳೆಗಾಲದಲ್ಲೇ ಬಿದ್ದಿರುತ್ತದೆ. ಗೋಡೆ ಕುಡಿದ ನೀರು ಹಿಂಗಾರು ಮಳೆ ನಿಂತ ಮೇಲೂ ಪೂರ್ತಿ ಆರಿರುವುದಿಲ್ಲ. ಅಷ್ಟರಲ್ಲಿ ಚಳಿಯೆಂದು ಕಿಟಕಿ ಮುಚ್ಚುತ್ತೇವೆ, ಕಪಾಟು ತೆರೆದ ಕೂಡಲೇ ಮುಗ್ಗಲು ವಾಸನೆ ಮೂಗಿಗೆ ಬಡಿಯುತ್ತದೆ. ತೋಟದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಕಣದಲ್ಲಿ ಸರಿಯಾಗಿ ಒಣಗದ ಕಾಫಿಯನ್ನು ಮೂಟೆ ಕಟ್ಟಿಟ್ಟರೆ ಏನಾಗುತ್ತದೆಯೋ ತೇವದ ಬಟ್ಟೆಯನ್ನು ಕಪಾಟಿಗೆ ತುಂಬಿದರೂ ಅದೇ ಆಗುತ್ತದೆ. ಹೊರಗೋಡೆಗೆ ಒತ್ತಿಕೊಂಡ ಬೀರು, ಮಂಚದ ತಲೆಹಲಗೆಗಳನ್ನು ಒಂದು ಗೇಣು ಈಚೆಗೆ ಎಳೆದು ಹಿಂದೆ ಗಾಳಿಯಾಡುವಂತೆ ಮಾಡಬೇಕು. ಡಿಸೆಂಬರಿನ ಒಳ್ಳೆಯ ಬಿಸಿಲಿರುವ ದಿನ ಕಪಾಟನ್ನು ಖಾಲಿ ಮಾಡಿ ಬಾಗಿಲು ತೆರೆದು ಬಿಟ್ಟು, ಕಂಬಳಿ, ರಜಾಯಿ, ದಿಂಬುಗಳನ್ನು ತಾರಸಿಯ ಮೇಲೆ ಎರಡೂ ಮಗ್ಗುಲು ಕಾಯುವಂತೆ ಹಾಕಿ, ಚೆನ್ನಾಗಿ ಕೊಡವಿ ಒಳಗೆ ತರಬೇಕು. ವರ್ಷವಿಡೀ ಟ್ರಂಕಿನಲ್ಲಿದ್ದ ಕಂಬಳಿಯನ್ನು ಹಾಗೆಯೇ ತೆಗೆದು ಮಗುವಿಗೆ ಹೊದಿಸುವುದು ಬೇಡವೇ ಬೇಡ. ಅದರಲ್ಲಿರುವ ಧೂಳಿನ ನುಸಿಗಳೇ ಎಷ್ಟೋ ಮಕ್ಕಳ ರಾತ್ರಿಯ ಕೆಮ್ಮಿಗೆ ಕಾರಣ. ಗೋಡೆಯ ಮೇಲಿನ ಕಪ್ಪು ಬೂಷ್ಟನ್ನು ಒಣಪೊರಕೆಯಿಂದ ಕೆರೆದರೆ ಅದು ಮನೆಯೆಲ್ಲ ಹಾರುತ್ತದೆ. ಮೂಗಿಗೆ ಬಟ್ಟೆ ಕಟ್ಟಿಕೊಂಡು, ಸೋಪಿನ ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಆ ಜಾಗವನ್ನು ಒಣಗಿಸಬೇಕು. ಒರೆಸಿದಷ್ಟೂ ಮತ್ತೆ ಅದೇ ಜಾಗದಲ್ಲಿ ಮೂಡುತ್ತಿದ್ದರೆ ಮೇಲಿನ ಮನೆಯ ಬಚ್ಚಲಿನಿಂದ ನೀರು ಜಿನುಗುತ್ತಿರಬಹುದು. ಅದನ್ನು ಸರಿಪಡಿಸದೆ ಬಣ್ಣ ಹೊಡೆಸುವುದು ದುಡ್ಡು ದಂಡ. ಬಚ್ಚಲು ತೊಳೆಯುವಾಗ ಬ್ಲೀಚನ್ನೂ ಆ್ಯಸಿಡ್ಡನ್ನೂ ಎಂದೂ ಬೆರೆಸಬಾರದು, ಮುಚ್ಚಿದ ಕೋಣೆಯಲ್ಲಿ ಅದರಿಂದ ಏಳುವ ಕ್ಲೋರಿನ್ ಅನಿಲ ಪ್ರಾಣಕ್ಕೆ ಅಪಾಯ.

ಪ್ರಾಣದ ಮಾತು ಬಂದದ್ದರಿಂದ ಇಲ್ಲಿ ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. ಅಗ್ಗಿಷ್ಟಿಕೆಯಲ್ಲಿ ಕೆಂಡ ಮಾಡಿಕೊಂಡು ಕೈ ಕಾಯಿಸುವ ರೂಢಿ ಮಲೆನಾಡಿನಲ್ಲಿ ಹಳೆಯದು, ಬಾಣಂತಿ ಕೋಣೆಗೆ ಕೆಂಡ ಇಡುವುದೂ ಹಳೆಯದು. ಹೆಂಚಿನ ಮನೆ ಅದನ್ನು ತಾಳಿಕೊಂಡಿತು, ಫ್ಲ್ಯಾಟು ತಾಳುವುದಿಲ್ಲ. ಕಿಟಕಿ ಮುಚ್ಚಿದ ಕೋಣೆಯಲ್ಲಿ ಕೆಂಡದಿಂದ ಹೊರಡುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಅದು ರಕ್ತದ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ, ಮಲಗಿದವರು ಮಲಗಿದ್ದಂತೆಯೇ ಹೋಗಿಬಿಡುತ್ತಾರೆ. ಬಚ್ಚಲಿನೊಳಗೆ ಕೂರಿಸಿದ ಗ್ಯಾಸ್ ಗೀಸರಿನಿಂದ ಆಗುವ ಅನಾಹುತವೂ ಇದೇ. ಗ್ಯಾಸ್ ಗೀಸರ್ ಇರಬೇಕಾದದ್ದು ಬಾಲ್ಕನಿ ಅಥವಾ ಹೊರಗಿನ ಗೋಡೆಯ ಮೇಲೆ. ಒಳಗೆ ಇದ್ದರೆ ಈ ಚಳಿಗಾಲದಲ್ಲೇ ಹೊರಗೆ ಹಾಕಿಸಿ. ಅಲ್ಲಿಯವರೆಗೆ ಬಕೆಟ್ಟಿಗೆ ನೀರು ತುಂಬಿಸಿ ಗೀಸರ್ ಆರಿಸಿ, ಹಬೆಯೆಲ್ಲ ಹೊರಗೆ ಹೋದ ಮೇಲೆ ಸ್ನಾನಕ್ಕೆ ಇಳಿಯಿರಿ. ಸ್ನಾನದ ನಡುವೆ ತಲೆನೋವು, ಹೊಟ್ಟೆ ತೊಳಸುವುದು, ಕಾಲು ಸೋತಂತಾಗುವುದು ಕಂಡರೆ ಸಂಕೋಚಪಡದೆ ಕೂಡಲೇ ಬಾಗಿಲು ತೆರೆದು ಹೊರಗೆ ಬರಬೇಕು. ಮಕ್ಕಳು ಚಿಲಕ ಹಾಕಿಕೊಂಡು ಸ್ನಾನ ಮಾಡುವುದನ್ನು ಇಂತಹ ಮನೆಗಳಲ್ಲಿ ಒಪ್ಪಲೇಬಾರದು.

ಧನುರ್ಮಾಸದ ನಸುಕಿನ ಪೂಜೆಗೆ ಊದುಬತ್ತಿ, ಕರ್ಪೂರ, ಸಾಂಬ್ರಾಣಿಗಳನ್ನು ಬಿಡಿ ಎಂದು ನಾನು ಹೇಳುವುದಿಲ್ಲ, ನಾನೂ ಬಿಟ್ಟಿಲ್ಲ. ಒಂದು ಬತ್ತಿ ಹಚ್ಚಿ, ಆಗ ಮಾತ್ರ ದೇವರಕೋಣೆಯ ಹತ್ತಿರದ ಕಿಟಕಿಯನ್ನು ತೆರೆದಿಡಿ ಎನ್ನುತ್ತೇನೆ. ಆದರೆ ಸೊಳ್ಳೆಯ ಸುರುಳಿಬತ್ತಿಯನ್ನು ಮುಚ್ಚಿದ ಕೋಣೆಯಲ್ಲಿ ರಾತ್ರಿಯಿಡೀ ಉರಿಸುವುದನ್ನು ನಿಲ್ಲಿಸಲೇಬೇಕು. ಒಂದು ಸುರುಳಿಬತ್ತಿಯಿಂದ ಹೊರಡುವ ಸೂಕ್ಷ್ಮ ಕಣಗಳ ತೂಕ 75ರಿಂದ 137 ಸಿಗರೇಟುಗಳಷ್ಟಾಗುತ್ತದೆ ಎಂದು 2003ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿದೆ. ಸೊಳ್ಳೆಪರದೆ ಕಟ್ಟಿಕೊಳ್ಳಿ, ಕಿಟಕಿಗೆ ಜಾಲರಿ ಹಾಕಿಸಿ. ಜಾಲರಿಯಲ್ಲಿ ಧೂಳು ಕಟ್ಟಿದರೆ ಗಾಳಿ ಒಳಗೆ ಬಾರದ್ದರಿಂದ ತಿಂಗಳಿಗೊಮ್ಮೆ ಒದ್ದೆಬಟ್ಟೆಯಿಂದ ಒರೆಸುತ್ತಿರಿ. ಪರಿಮಳದ ಸ್ಪ್ರೇಗಳು ಕೆಟ್ಟ ವಾಸನೆಯನ್ನು ಮರೆಸುತ್ತವೆ, ತೆಗೆಯುವುದಿಲ್ಲ. ಕಾಫಿ ಗಸಿಯನ್ನು ಬಟ್ಟಲಲ್ಲಿಟ್ಟರೆ ಫ್ರಿಜ್ಜಿನ ಅಥವಾ ಚಪ್ಪಲಿ ಗೂಡಿನ ವಾಸನೆ ತಗ್ಗುವುದು ನಿಜ, ಆದರೆ ಅದನ್ನು ಬಿಸಿಲಲ್ಲಿ ಗರಿಗರಿಯಾಗಿ ಒಣಗಿಸಿರಬೇಕು. ಹಸಿಯಾಗಿಟ್ಟರೆ ಎರಡೇ ದಿನಕ್ಕೆ ಅದರ ಮೇಲೇ ಬೂಷ್ಟು ಬರುತ್ತದೆ.

ಕುಂಡದ ಗಿಡಗಳು ಕಣ್ಣಿಗೆ ತಂಪು, ಗಾಳಿಯ ಶುದ್ಧಿಗೆ ಅವನ್ನು ನಂಬಿ ಕೂರಬೇಡಿ. 1989ರಲ್ಲಿ ನಾಸಾ ನಡೆಸಿದ ಹೆಸರುವಾಸಿ ಪ್ರಯೋಗ ಮುಚ್ಚಿದ ಚಿಕ್ಕ ಪೆಟ್ಟಿಗೆಗಳಲ್ಲಿ ನಡೆದದ್ದು, ಮನೆಯಲ್ಲಲ್ಲ. ಹೆಪಾ ಫಿಲ್ಟರಿನ ಶುದ್ಧೀಕರಣ ಯಂತ್ರ ಉಬ್ಬಸದವರ ಕೋಣೆಯಲ್ಲಿ ಉಪಯುಕ್ತ. ಅದು ಧೂಳು, ಹೊಗೆಗಳ ಕಣವನ್ನು ಹಿಡಿಯುತ್ತದೆಯಾದರೂ ಉಸಿರಿನ ಇಂಗಾಲದ ಡೈಆಕ್ಸೈಡನ್ನೂ ತೇವವನ್ನೂ ತೆಗೆಯುವುದಿಲ್ಲ.

ಕಡೆಯದಾಗಿ, ಸಂಕ್ರಾಂತಿಗೋ ಕಾಫಿ ಕೊಯ್ಲಿಗೋ ಊರಿಗೆ ಹೋಗಿ ಮನೆಗೆ ಬೀಗ ಹಾಕುವವರು ಗಮನಿಸಬೇಕಾದ ವಿಚಾರವಿದೆ. ಬಚ್ಚಲ ನೆಲದ ಜಾಲರಿಯ ಕೆಳಗೆ ನಿಂತ ನೀರೇ ಚರಂಡಿಯ ವಾಸನೆಯನ್ನು ತಡೆಯುವುದು. ಬಳಕೆಯಿಲ್ಲದ ಬಚ್ಚಲಿನಲ್ಲಿ ಆ ನೀರು ಚಳಿಗಾಲದ ಒಣಹವೆಗೆ ಆರಿಹೋಗುತ್ತದೆ. ಹೊರಡುವ ಮುನ್ನ ಪ್ರತಿ ಜಾಲರಿಗೂ ಒಂದು ಚೊಂಬು ನೀರು ಸುರಿದು, ಮೇಲೆ ಒಂದು ಚಮಚ ಅಡುಗೆ ಎಣ್ಣೆ ಬಿಟ್ಟರೆ ನೀರು ಬೇಗ ಆವಿಯಾಗುವುದಿಲ್ಲ. ಸಿಲಿಂಡರಿನ ರೆಗ್ಯುಲೇಟರ್ ಮುಚ್ಚಿ ಹೋಗಬೇಕು. ಹಿಂದಿರುಗಿ ಬಾಗಿಲು ತೆರೆದಾಗ ಗ್ಯಾಸಿನ ವಾಸನೆ ಬಂದರೆ ದೀಪದ ಸ್ವಿಚ್ಚನ್ನೂ ಫ್ಯಾನಿನ ಸ್ವಿಚ್ಚನ್ನೂ ಮುಟ್ಟಬಾರದು. ಅಡುಗೆ ಅನಿಲ ಗಾಳಿಗಿಂತ ಭಾರವಾದ್ದರಿಂದ ನೆಲದ ಮಟ್ಟದಲ್ಲೇ ಹರಡಿರುತ್ತದೆ, ಎತ್ತರದ ಕಿಟಕಿಗಿಂತ ಬಾಲ್ಕನಿಯ ಬಾಗಿಲು ತೆರೆದರೆ ಅದು ಬೇಗ ಹೊರಗೆ ಹೋಗುತ್ತದೆ. ಬಾಗಿಲುಗಳನ್ನು ತೆರೆದು, ಎಲ್ಲರೂ ಹೊರಗೆ ಬಂದು, ಅಲ್ಲಿಂದ ಅಡುಗೆ ಅನಿಲ ಸೋರಿಕೆಯ ತುರ್ತು ಸಹಾಯವಾಣಿ 1906ಕ್ಕೆ ಕರೆ ಮಾಡಿ ತಿಳಿಸಬೇಕು.