ರೋಬೋಟ್ ಬ್ರಾಂಕೋಸ್ಕೋಪಿ ರಿಪೋರ್ಟ್ ಓದುವುದು ಹೇಗೆ?

ಸ್ಕ್ಯಾನ್‌ನಲ್ಲಿ ಶ್ವಾಸಕೋಶದೊಳಗೆ ಗಂಟು ಕಂಡಾಗ, ರೋಬೋಟ್ ನೆರವಿನಿಂದ ತೆಳು ಕೊಳವೆಯನ್ನು ಉಸಿರಿನ ದಾರಿಯಲ್ಲಿ ಒಳಗೆ ಕಳಿಸಿ, ಸೂಜಿಯಿಂದ ಗಂಟಿನ ಚೂರು ತೆಗೆಯುವ ಪರೀಕ್ಷೆಯೇ ರೋಬೋಟ್ ಬ್ರಾಂಕೋಸ್ಕೋಪಿ. ಅದರ ರಿಪೋರ್ಟ್‌ನಲ್ಲಿ 'ಕ್ಯಾನ್ಸರ್ ಕೋಶಗಳು ಕಂಡುಬಂದಿಲ್ಲ' ಎಂಬ ಒಂದೇ ಸಾಲು ಓದಿ, ಫೈಲನ್ನು ಬೀರುವಿನೊಳಗೆ ಇಟ್ಟುಬಿಟ್ಟವರನ್ನು ನೋಡಿದ್ದೇನೆ. ಆ ಸಾಲು ಸೂಜಿಗೆ ಸಿಕ್ಕ ಚೂರಿನ ಮಾತು. ಆ ಚೂರು ಗಂಟಿನದೇ ಹೌದೋ ಅಲ್ಲವೋ ಎಂದು ಕೇಳುವವರು ಕಡಿಮೆ. ಈ ಲೇಖನ ಅದಕ್ಕಾಗಿ.

1. ಹಳೆಯ ಸಿ.ಟಿ. ಸ್ಕ್ಯಾನ್‌ಗಳ ಸಿ.ಡಿ.ಗಳನ್ನೆಲ್ಲ ತೆಗೆದುಕೊಂಡು ಹೋಗಿ. ಮೊಬೈಲ್‌ನಲ್ಲಿ ತೆಗೆದ ಫೋಟೊ ಸಾಲದು.

2. ಪರೀಕ್ಷೆಗೆ ಮೊದಲೇ ಎರಡು ಪ್ರಶ್ನೆ ಕೇಳಿ. ಗಂಟಿನ ಒಳಗೆ ಹೋಗುವ ಉಸಿರು ಕೊಳವೆ ಸ್ಕ್ಯಾನ್‌ನಲ್ಲಿ ಕಾಣುತ್ತದೆಯೇ? ಕಂಡರೆ ಕೆಲಸ ಸುಲಭ. ಸೂಜಿ ಗಂಟಿನೊಳಗೇ ಇದೆ ಎಂದು ಆ ಹೊತ್ತಿನಲ್ಲಿ ಹೇಗೆ ನೋಡುತ್ತೀರಿ? ಇದು ಮುಖ್ಯ. ರೋಬೋಟ್ ತಾನಾಗಿ ಏನೂ ಮಾಡುವುದಿಲ್ಲ, ನಡೆಸುವವರು ವೈದ್ಯರು. ತೆಳು ಕೊಳವೆಯನ್ನು ಆಳಕ್ಕೆ ಒಯ್ದು ಅಲುಗದಂತೆ ಹಿಡಿಯುವುದು ಅದರ ಬಲ. ಆದರೆ ದಾರಿಯ ನಕ್ಷೆ ಸಿದ್ಧವಾಗುವುದು ನೀವು ಎಚ್ಚರವಿದ್ದು ಉಸಿರು ತುಂಬಿಕೊಂಡಾಗ ತೆಗೆದ ಸ್ಕ್ಯಾನ್‌ನಿಂದ. ಅರಿವಳಿಕೆ ಕೊಟ್ಟ ಮೇಲೆ ಶ್ವಾಸಕೋಶ ಸ್ವಲ್ಪ ಕುಗ್ಗುತ್ತದೆ, ಗಂಟು ಜಾಗ ಬದಲಿಸುತ್ತದೆ. ಅದಕ್ಕೇ ಕೋನ್ ಬೀಮ್ ಸಿ.ಟಿ.ಯಂಥ (ಪರೀಕ್ಷೆ ನಡೆಯುವಾಗಲೇ ತೆಗೆಯುವ ಸ್ಕ್ಯಾನ್) ಚಿತ್ರದಲ್ಲಿ ಸೂಜಿಯ ಜಾಗವನ್ನು ಅಲ್ಲೇ ಖಚಿತಪಡಿಸಿಕೊಳ್ಳುವ ಆಸ್ಪತ್ರೆಗೇ ಹೋಗಿ ಎನ್ನುತ್ತೇನೆ.

3. 'ಸಕ್ಸಸ್ ರೇಟ್ ಎಷ್ಟು?' ಎಂದು ಸುಮ್ನೆ ಕೇಳಬೇಡಿ. ಪ್ರಕಟವಾದ ಅಧ್ಯಯನಗಳಲ್ಲಿ ಹೆಚ್ಚಿನವು 100ರಲ್ಲಿ 70ರಿಂದ 90 ಮಂದಿಗೆ ಉತ್ತರ ಸಿಕ್ಕಿತು ಎನ್ನುತ್ತವೆ. ಬರೀ 'ಉರಿಯೂತ' ಎಂದು ಬಂದದ್ದನ್ನೂ ಉತ್ತರ ಎಂದು ಎಣಿಸಿದರೆ ಅಂಕಿ ಏರುತ್ತದೆ. ಎಣಿಸಿದ್ದು ಹೇಗೆ ಎಂದು ಕೇಳಿ.

4. ಈಗ ರಿಪೋರ್ಟ್. ಇಲ್ಲೇ ಎಲ್ಲರೂ ಎಡವುವುದು. ಕ್ಯಾನ್ಸರ್ ಎಂದು ಬಂದರೆ ಅದು ಸುಳ್ಳಾಗುವುದು ಅಪರೂಪ. ಕ್ಷಯ, ಶಿಲೀಂಧ್ರ, ಹ್ಯಾಮಾರ್ಟೋಮಾ (ಕ್ಯಾನ್ಸರ್ ಅಲ್ಲದ ಒಂದು ಬಗೆಯ ಗಂಟು) ಎಂದು ಹೆಸರು ಹಿಡಿದು ಹೇಳಿದ್ದರೆ, ಸ್ಕ್ಯಾನ್ ಚಿತ್ರಕ್ಕೂ ಅದು ಹೊಂದಿದರೆ, ನಂಬಬಹುದು.

'ಸಾಮಾನ್ಯ ಶ್ವಾಸಕೋಶದ ಅಂಗಾಂಶ' ಎಂದಿದೆಯೇ? ಸ್ಕ್ಯಾನ್‌ನಲ್ಲಿ ಗಂಟು ಎದ್ದು ಕಾಣುತ್ತಿದೆ, ಸಿಕ್ಕಿದ್ದು ಆರೋಗ್ಯವಾಗಿರುವ ಭಾಗ. ಅಂದರೆ ಗಂಟು ಸೂಜಿಗೆ ಸಿಗದೆ ತಪ್ಪಿಸಿಕೊಂಡಿರುವ ಸಾಧ್ಯತೆಯೇ ಜಾಸ್ತಿ, ಅಲ್ವಾ? 'ಸ್ಯಾಂಪಲ್ ಸಾಲದು' ಎಂದರೂ ಉತ್ತರ ಸಿಕ್ಕಿಲ್ಲ ಎಂದೇ ಅರ್ಥ. ಬರೀ 'ಉರಿಯೂತ' ಎಂದಿದ್ದರೆ ಗಂಟು ಮುಂದೆ ಕರಗುತ್ತದೆಯೇ ಎಂದು ನೋಡಲೇಬೇಕು. (ಶ್ವಾಸಕೋಶ ಶುದ್ಧಿಯ ಟಾನಿಕ್‌ಗಳಿಗೆ ದುಡ್ಡು ಹಾಕಬೇಡಿ. ಅವು ಗಂಟು ಕರಗಿಸುವುದಿಲ್ಲ.)

ಒಂದು ಲೆಕ್ಕ ಮಾಡಿ ನೋಡಿ. ಪರೀಕ್ಷೆ 100 ಕ್ಯಾನ್ಸರ್‌ಗಳಲ್ಲಿ 85 ಹಿಡಿಯುತ್ತದೆ ಎಂದುಕೊಳ್ಳಿ. ಅನುಮಾನ ಬಲವಾಗಿರುವ 100 ಜನರಲ್ಲಿ 80 ಮಂದಿಗೆ ಕ್ಯಾನ್ಸರ್ ಇದೆ ಎನ್ನೋಣ. 68 ಸಿಗುತ್ತವೆ, 12 ತಪ್ಪುತ್ತವೆ. ಕ್ಯಾನ್ಸರ್ ಇಲ್ಲದ 20 ಮಂದಿಯೂ ಸೇರಿ, 'ಕಂಡುಬಂದಿಲ್ಲ' ಎಂಬ ರಿಪೋರ್ಟ್ ಪಡೆದ 32 ಜನರಲ್ಲಿ 12 ಮಂದಿಗೆ ಕ್ಯಾನ್ಸರ್ ಇದ್ದೇ ಇದೆ! ಅನುಮಾನ ಕಡಿಮೆ ಇದ್ದು 20 ಮಂದಿಗೆ ಮಾತ್ರ ಇದ್ದರೆ, ಅದೇ ರಿಪೋರ್ಟ್ ಪಡೆದ 83 ಜನರಲ್ಲಿ ಬರೀ 3 ಮಂದಿಗೆ. ಪರೀಕ್ಷೆ ಅದೇ, ರಿಪೋರ್ಟ್‌ನ ಸಾಲೂ ಅದೇ. ಹಾಗಾಗಿ ಗಂಟಿನ ಅಂಚು ಮುಳ್ಳುಮುಳ್ಳಾಗಿದ್ದರೆ, ಬೆಳೆಯುತ್ತಿದ್ದರೆ, ಧೂಮಪಾನದ ಹಿನ್ನೆಲೆ ಇದ್ದರೆ, ಇನ್ನೊಮ್ಮೆ ಬಯಾಪ್ಸಿಯೋ ಶಸ್ತ್ರಚಿಕಿತ್ಸೆಯೋ ಎಂದು ಅಂದೇ ಮಾತಾಡಿ.

ಎದೆಯ ಹೊರಗಿನಿಂದ ಸೂಜಿ ಹಾಕುವ ದಾರಿಯೂ ಇದೆ. ಅದರಲ್ಲಿ ಗಾಳಿ ಸೋರಿ ಎದೆಯಲ್ಲಿ ತುಂಬಿಕೊಳ್ಳುವ ತೊಂದರೆ ಬ್ರಾಂಕೋಸ್ಕೋಪಿಗಿಂತ ಬಹಳ ಜಾಸ್ತಿ. ಎರಡೂ ಆಗುವಂತಿದ್ದರೆ ನಾನು ಮೊದಲು ಬ್ರಾಂಕೋಸ್ಕೋಪಿಯನ್ನೇ ಕೇಳುತ್ತೇನೆ. ಎದೆಯ ನಡುವಿನ ದುಗ್ಧರಸ ಗ್ರಂಥಿಗಳ (ಲಿಂಫ್ ನೋಡ್) ಸ್ಯಾಂಪಲ್ಲನ್ನೂ ಅದೇ ಸಲ ತೆಗೆಯಬಹುದು.

5. ಮುಂದಿನ ಸ್ಕ್ಯಾನ್‌ನ ತಾರೀಖು ಬರೆಸಿಕೊಳ್ಳದೆ ವೈದ್ಯರ ಕೋಣೆಯಿಂದ ಎದ್ದು ಬರಬೇಡಿ.