ಟುಟು ಹೊಲಿಯುವ ಬಗೆ: ಚಡ್ಡಿಯಿಂದ ಟಾಕಾದವರೆಗೆ

ಬ್ಯಾಲೆ ನರ್ತಕಿ ತೊಡುವ, ನೆಟ್ಟಿನ ಗಿಡ್ಡ ಲಂಗವಿರುವ ಉಡುಪೇ ಟುಟು. ಅದರ ಕೆಲಸವನ್ನು ನಾನು ಶುರು ಮಾಡುವುದು ಚಡ್ಡಿಯಿಂದ. ನೆಟ್ಟಿನ ಹತ್ತು ಪದರಗಳೂ ಕೂರುವುದು ಅದರ ಮೇಲೆ. ಅಲ್ಲಿ ಅಳತೆ ತಪ್ಪಿದರೆ ಮೇಲೆ ಎಷ್ಟು ಮುತ್ತು, ಜರಿ ಹಾಕಿದರೂ ಟುಟು ಸರಿಯಾಗಿ ನಿಲ್ಲುವುದಿಲ್ಲ. ಎದೆ, ಸೊಂಟ, ಹಿಪ್ ಅಳತೆಯನ್ನು ಎಲ್ಲ ದರ್ಜಿಗಳೂ ತೆಗೆಯುತ್ತಾರೆ. ಬ್ಯಾಲೆಗೆ ಇನ್ನೊಂದು ಬೇಕು: ಭುಜದಿಂದ ಟೇಪು ಇಳಿಸಿ, ಕಾಲುಗಳ ನಡುವೆ ಹಾಯಿಸಿ, ಬೆನ್ನ ಮೇಲಿಂದ ಮತ್ತೆ ಅದೇ ಭುಜಕ್ಕೆ ತರುವ ಸುತ್ತಳತೆ. ಇದು ಎರಡು ಸೆಂ.ಮೀ. ಕಡಿಮೆಯಾದರೂ ಕಾಲೆತ್ತಿದಾಗ ಚಡ್ಡಿ ಬಾಡಿಸನ್ನು (ಮೈಗೆ ಬಿಗಿಯಾಗಿ ಕೂರುವ ಮೇಲುಡುಪು) ಕೆಳಕ್ಕೆ ಜಗ್ಗುತ್ತದೆ, ಎಲಾಸ್ಟಿಕ್ ಭುಜಕ್ಕೆ ಕಚ್ಚುತ್ತದೆ. ಎದೆಯ ಅಳತೆಯನ್ನು ನರ್ತಕಿ ಪೂರ್ತಿ ಉಸಿರೆಳೆದು ನಿಂತಾಗಲೇ ತೆಗೆಯಬೇಕು.

ಲಂಗ ಇಷ್ಟು ಗಿಡ್ಡವಾದದ್ದು ಕಾಲಿನ ಕೆಲಸ ಹೆಚ್ಚಿದ್ದರಿಂದ. 18ನೇ ಶತಮಾನದ ಪ್ಯಾರಿಸ್‌ನಲ್ಲಿ ನರ್ತಕಿ ಮರೀ ಕಮಾರ್ಗೊ ಪಾದದ ಚುರುಕು ಕಾಣಲೆಂದು ಲಂಗವನ್ನು ಕಣಕಾಲಿನ ಮೇಲಕ್ಕೆ ಏರಿಸಿದರು. 1832ರಲ್ಲಿ ಪ್ಯಾರಿಸ್ ಒಪೆರಾದ ‘ಲಾ ಸಿಲ್ಫೀಡ್’ ಬ್ಯಾಲೆಯಲ್ಲಿ ಮರೀ ತಾಲ್ಯೋನಿ ತೊಟ್ಟ ಗಂಟೆಯಾಕಾರದ ಬಿಳಿ ಲಂಗ ಮೀನಖಂಡದವರೆಗೆ ಬರುತ್ತಿತ್ತು, ‘ಜಿಸೆಲ್’ನ ಎರಡನೇ ಅಂಕಕ್ಕೆ ಇಂದಿಗೂ ಹೆಚ್ಚುಕಡಿಮೆ ಅದೇ ಉದ್ದ. 1895ರ ‘ಸ್ವಾನ್ ಲೇಕ್’ನಲ್ಲಿ ಪಿಯೆರೀನಾ ಲೆನ್ಯಾನಿ ಒಂಟಿಗಾಲಲ್ಲಿ 32 ಫುಎತೆ ಸುತ್ತು ತಿರುಗುವ ಹೊತ್ತಿಗೆ ಅಂಚು ಮೊಣಕಾಲಿನ ಮೇಲಕ್ಕೆ ಸರಿದಿತ್ತು. ತಟ್ಟೆಯ ಹಾಗೆ ಅಡ್ಡ ನಿಲ್ಲುವ ಟುಟು ಬಂದದ್ದು 20ನೇ ಶತಮಾನದಲ್ಲಿ. ಭರತನಾಟ್ಯದ ಉಡುಪು ಹೊಲಿಯುವವರಿಗೆ ಈ ಲೆಕ್ಕ ಗೊತ್ತೇ ಇದೆ: ಅರಮಂಡಿಯಲ್ಲಿ ಕೂತಾಗ ಬೀಸಣಿಗೆ ನೆರಿಗೆ ಪೂರ್ತಿ ಬಿಚ್ಚಿಕೊಳ್ಳುವ ಹಾಗೆ ತಾನೇ ಅದನ್ನು ಅಳೆಯುವುದು?

ನೆಟ್ ಆರಿಸುವಾಗ ಅಂಗಡಿಯಲ್ಲೇ ಮುಷ್ಟಿಯಲ್ಲಿ ಹಿಸುಕಿ ಬಿಡುತ್ತೇನೆ. ತಕ್ಷಣ ಪುಟಿದರೆ ಸರಿ. ಲೆಹೆಂಗಾ ಒಳಗೆ ಹಾಕುವ ಕ್ಯಾನ್‌ಕ್ಯಾನ್ ತೀರಾ ಬಿರುಸು. ಅದನ್ನು ಮಧ್ಯದ ಎರಡು ಪದರಕ್ಕೆ ಮಾತ್ರ ಬಳಸುತ್ತೇನೆ. ಟ್ಯೂಲ್ ಎನ್ನುವ ನವಿರಾದ ಮೃದು ನೆಟ್ ಮೇಲಿನ ಪದರಕ್ಕೆ ಚೆಂದ, ಆದರೆ ಭಾರ ಹೊರುವುದಿಲ್ಲ. ವಯಸ್ಕ ನರ್ತಕಿಗೆ, 95 ಸೆಂ.ಮೀ. ಹಿಪ್ ಇದ್ದರೆ, 140 ಸೆಂ.ಮೀ. ಅಗಲದ ನೆಟ್ 12 ಮೀಟರ್ ಸಾಕು. ಉದ್ದಕ್ಕೆ ಪಟ್ಟಿ ಕತ್ತರಿಸುತ್ತೇನೆ. ಮೇಲಿನಿಂದ ಅಗಲ 38, 37, 35, 32, 28, 24, 19, 14, 9, 5 ಸೆಂ.ಮೀ. ಮೇಲಿನ ನಾಲ್ಕು ಪಟ್ಟಿ ಆರಾರು ಮೀಟರ್, ನಂತರದ ಮೂರು ಐದೈದು, ಕೊನೆಯ ಮೂರು ಮೂರೂವರೆ. ಎಲ್ಲವನ್ನೂ ಒಂದೇ ಅಗಲಕ್ಕೆ ಕತ್ತರಿಸಿದರೆ ಅಂಚು ಬಂಡೆಯಂತೆ ದಪ್ಪವಾಗಿ ಬಾಗುತ್ತದೆ.

ಚಡ್ಡಿಯ ಹಿಂಬದಿ ಮತ್ತು ಕೆಳಗಿನ ಹೊಲಿಗೆ ಹಾಕದೆ ಬಟ್ಟೆಯನ್ನು ಚಪ್ಪಟೆಯಾಗಿ ಬಿಚ್ಚಿಟ್ಟುಕೊಂಡು, ಒಂದೂಕಾಲು ಸೆಂ.ಮೀ. ಅಂತರದಲ್ಲಿ ಹತ್ತು ಗೆರೆ ಎಳೆಯಬೇಕು. ಕಾಲಿನ ಬಳಿಯ 5 ಸೆಂ.ಮೀ. ಪಟ್ಟಿಯಿಂದ ಶುರುಮಾಡಿ, ಗೆರೆಗೊಂದು ಪಟ್ಟಿಯನ್ನು ನೆರಿಗೆ ಹಿಡಿದು ಹೊಲಿಯುತ್ತಾ ಮೇಲಕ್ಕೆ ಹೋಗುತ್ತೇನೆ; ಆಗ ಹೊಲಿದದ್ದು ಕೆಳಕ್ಕೆ ಬಿದ್ದು ಮಿಷನ್‌ಗೆ ದಾರಿ ಬಿಡುತ್ತದೆ. ಮೇಲಿನ ಪದರ ಹಿಪ್ ಗೆರೆಯಲ್ಲೇ ಇರಬೇಕು. ಸೊಂಟಕ್ಕೆ ಏರಿಸಿದರೆ ಲಂಗ ಜೋತುಬಿದ್ದು ಲ್ಯಾಂಪಿನ ಮುಸುಕಿನಂತೆ ಕಾಣುತ್ತದೆ. ಸೊಂಟದಿಂದ ಹಿಪ್‌ವರೆಗಿನ ಜಾಗವನ್ನು 9 ಸೆಂ.ಮೀ. ಅಗಲದ ಗಟ್ಟಿ ಪಟ್ಟಿಯೊಂದು ಮುಚ್ಚುತ್ತದೆ. ಇದಕ್ಕೆ ಬಾಸ್ಕ್ ಎನ್ನುತ್ತಾರೆ. ಬಾಡಿಸ್ ಕೂರುವುದು ಇದರ ಮೇಲೆ.

ಮೇಲಿನಿಂದ ನಾಲ್ಕನೇ ಪದರದಲ್ಲಿ, ಹಿಪ್‌ನಿಂದ 22 ಸೆಂ.ಮೀ. ದೂರಕ್ಕೆ ಟೇಪಿನ ಕೊಳವೆ ಹೊಲಿದು ಚಪ್ಪಟೆ ಸ್ಪ್ರಿಂಗ್ ಉಕ್ಕಿನ ಬಳೆ ಹಾಯಿಸುತ್ತೇನೆ. ಸುತ್ತಳತೆ ಸುಮಾರು 2.3 ಮೀಟರ್. ಹೆಚ್ಚಾದರೆ ಅಂಚು ಹಪ್ಪಳದಂತೆ ಅಲೆಯಲೆಯಾಗುತ್ತದೆ. ಕಡಿಮೆಯಾದರೆ ಲಂಗ ಬಟ್ಟಲಾಗುತ್ತದೆ. ತುದಿಗಳನ್ನು ಟೇಪಿನಿಂದ ಬಿಗಿಯಾಗಿ ಸುತ್ತದಿದ್ದರೆ ಎತ್ತಿಹಿಡಿಯುವ ಜೊತೆಗಾರನ ಮುಂಗೈ ಕೊಯ್ಯುತ್ತದೆ. ಗುಂಪಿನ ನೃತ್ಯದಲ್ಲಿ ಬಳೆಗೆ ಬಳೆ ತಾಗಿ ಟುಟು ಪಕ್ಕಕ್ಕೆ ವಾಲುವುದೂ ಉಂಟು. 1950ರಲ್ಲಿ ನ್ಯೂಯಾರ್ಕ್‌ನಲ್ಲಿ ನೃತ್ಯ ಸಂಯೋಜಕ ಜಾರ್ಜ್ ಬ್ಯಾಲಂಚೀನ್ ಅವರ ‘ಸಿಂಫನಿ ಇನ್ ಸಿ’ ಬ್ಯಾಲೆಗೆ ಉಡುಪು ವಿನ್ಯಾಸಕಿ ಬಾರ್ಬರಾ ಕರೀನ್ಸ್ಕಾ ಬಳೆಯನ್ನೇ ಬಿಟ್ಟು, ಕಡಿಮೆ ಪದರಗಳ ಮೆತ್ತನೆಯ ‘ಪೌಡರ್ ಪಫ್’ ಟುಟು ಮಾಡಿದರು. ಮಕ್ಕಳ ತಂಡಕ್ಕೆ ನಾನು ಹೊಲಿಯುವುದೂ ಈ ಬಗೆಯದೇ.

ಇನ್ನು ಟಾಕಾ, ಅಂದರೆ ಪದರಗಳನ್ನು ಒಂದಕ್ಕೊಂದು ಹಿಡಿದಿಡುವ ಸಡಿಲ ಕೈಹೊಲಿಗೆ. ಟುಟುವಿನ ಜೀವ ಇದರಲ್ಲಿದೆ, ಆತುರಪಟ್ಟರೆ ಎಲ್ಲ ಹಾಳು. ಲಂಗವನ್ನು ತಲೆಕೆಳಗಾಗಿ ಮೇಜಿನ ಮೇಲೆ ಹರಡಿ, ಎರಡೆಳೆ ದಾರದಿಂದ ಹಿಪ್‌ನಿಂದ 8, 16, 24 ಸೆಂ.ಮೀ. ದೂರದಲ್ಲಿ ಮೂರು ಸುತ್ತು ಹಾಕಬೇಕು. ಒಂದು ಟಾಕಾಕ್ಕೂ ಇನ್ನೊಂದಕ್ಕೂ ನಡುವೆ ನಾಲ್ಕು ಬೆರಳು. ಸೂಜಿ ಅಷ್ಟು ದೂರ ಬರುವ ಎಲ್ಲ ಪದರಗಳನ್ನೂ ಹಿಡಿದು ಮೇಲೆ ಬಂದಾಗ, ದಾರ ಎಳೆಯುವ ಮುನ್ನ ಪದರಗಳ ನಡುವೆ ತೋರುಬೆರಳು ತೂರಿಸಿಡುತ್ತೇನೆ. ಬೆರಳು ತೆಗೆದ ಮೇಲೆ ಉಳಿಯುವ ಸಡಿಲವೇ ಸರಿಯಾದ ಸಡಿಲ. ಬಿಗಿಯಾದರೆ ಮೇಲಿನ ನೆಟ್ಟಿನಲ್ಲಿ ಗುಳಿ ಬಿದ್ದು ಲಂಗ ಮುಚ್ಚಿದ ಕೊಡೆಯಾಗುತ್ತದೆ. ತೀರಾ ಸಡಿಲ ಬಿಟ್ಟರೆ ಪದರಗಳು ಒಂದೊಂದು ದಿಕ್ಕಿಗೆ ಎದ್ದು ನಿಲ್ಲುತ್ತವೆ.

ಬಾಡಿಸಿಗೆ ಹತ್ತು ಹನ್ನೆರಡು ತುಂಡು. ನಡುವಿನವು ಬಟ್ಟೆಯ ನೇರಕ್ಕೆ, ಪಕ್ಕೆಯವು ಕ್ರಾಸ್‌ನಲ್ಲಿ, ಅಂದರೆ ಎಳೆಗೆ ಓರೆಯಾಗಿ. ಉಸಿರಾಟಕ್ಕೆ ಹಿಗ್ಗುವುದು ಈ ಕ್ರಾಸ್ ತುಂಡುಗಳೇ. ಲೈನಿಂಗ್ ಹಿಗ್ಗದ ಹತ್ತಿಯದಾದರೆ ಅದನ್ನೂ ಕ್ರಾಸ್‌ನಲ್ಲೇ ಕತ್ತರಿಸಬೇಕು, ಇಲ್ಲದಿದ್ದರೆ ಮೇಲಿನ ಶ್ರಮ ವ್ಯರ್ಥ. ಬೆನ್ನಿಗೆ ಜಿಪ್ ಬೇಡ. ವೇದಿಕೆಯಲ್ಲಿ ಜಿಪ್ ಬಿಟ್ಟುಕೊಂಡರೆ ಕಥೆ ಮುಗಿಯಿತು. ಎರಡು ಸೆಂ.ಮೀ.ಗೊಂದು ಹುಕ್ಕು ಹಾಕಿದರೆ ಒಂದು ಬಿಚ್ಚಿದರೂ ಉಳಿದವು ಹಿಡಿಯುತ್ತವೆ. ಹುಕ್ಕಿನ ಎದುರಿನ ಕುಣಿಕೆಗಳನ್ನು ಎರಡು ಸಾಲು ಹೊಲಿದಿಟ್ಟರೆ ಬೇರೆ ಮೈಕಟ್ಟಿನವರೂ ತೊಡಬಹುದು.

ಬೆಂಕಿಯ ವಿಷಯ ಸಣ್ಣದಲ್ಲ. ಗ್ಯಾಸ್ ದೀಪದ ಕಾಲದಲ್ಲಿ, 1862ರ ತಾಲೀಮಿನಲ್ಲಿ ಬ್ಯಾಲೆ ನರ್ತಕಿ ಎಮ್ಮಾ ಲೀವ್ರಿಯ ಲಂಗಕ್ಕೆ ಜ್ವಾಲೆ ತಗುಲಿತು. ತಿಂಗಳುಗಟ್ಟಲೆ ನರಳಿ 1863ರಲ್ಲಿ ತೀರಿಕೊಂಡರು. ಬೆಂಕಿ ತಡೆಯುವ ದ್ರಾವಣದಲ್ಲಿ ಅದ್ದಿದ ಲಂಗ ಆಗಲೇ ಇತ್ತು. ಅದು ಬಿರುಸು, ಬಣ್ಣ ಮಾಸುತ್ತದೆ ಎಂದು ಅವರು ಒಪ್ಪಿರಲಿಲ್ಲ. ಇಂದಿನ ನೈಲಾನ್ ನೆಟ್ ಶಾಖಕ್ಕೆ ಕರಗಿ ಚರ್ಮಕ್ಕೆ ಅಂಟುತ್ತದೆ. ಆರತಿ, ಮೇಣದಬತ್ತಿ ಇರುವ ದೃಶ್ಯಕ್ಕೆ ನಾನು ಟುಟು ಕೊಡುವುದೇ ಇಲ್ಲ.

ಟುಟುವನ್ನು ಒಗೆಯುವಂತಿಲ್ಲ. ಬೆವರಿನ ವಾಸನೆಗೆ ಬಾಡಿಸಿನ ಒಳಮೈಗೆ ವೊಡ್ಕಾ ಸಿಂಪಡಿಸಿ ಫ್ಯಾನಿನ ಕೆಳಗೆ ಆರಿಸುತ್ತೇನೆ. ಬಣ್ಣ ಬಿಡುತ್ತದೆಯೇ ಎಂದು ಮೊದಲು ಒಳಗಿನ ಹೊಲಿಗೆಯ ಮಾರ್ಜಿನ್ ಮೇಲೆ ನೋಡಿಕೊಳ್ಳಬೇಕು. ತೂಗುಹಾಕುವಾಗ ಚಡ್ಡಿಗೆ ಕ್ಲಿಪ್ ಹಾಕಿ ತಲೆಕೆಳಗಾಗಿಯೇ ತೂಗಿಸಿ. ನೇರವಾಗಿ ತೂಗಿಸಿದರೆ ಪದರಗಳು ಇಳಿಬಿದ್ದು, ಮರುವಾರದ ಪ್ರದರ್ಶನಕ್ಕೆ ಮೂರು ಸುತ್ತಿನ ಟಾಕಾವನ್ನೂ ಬಿಚ್ಚಿ ಮತ್ತೆ ಹಾಕಬೇಕಾಗುತ್ತದೆ.